ಭಾವ ಮೂಸಿದ ಸಿಗಾರ್

ಕನ್ನಡಕದಂಗಡಿಯವನು ತನ್ನ ಅಕ್ಕನ ಗಂಡನನ್ನು ಸಿಗಾರ್ ಕೂಟಕ್ಕೆ ಮೊದಲ ಸಲ ಕರೆದುಕೊಂಡು ಹೋದದ್ದು ಸುಮ್ಮನೆ ಜೊತೆಗಿರಲಿ ಎಂದು. ಹೋಟೆಲೊಂದರ ಮೇಲಂತಸ್ತಿನ ಹಾಲಿನಲ್ಲಿ ಹವ್ಯಾಸಿಗಳು ಸೇರುತ್ತಿದ್ದರು. ಯಾವುದಾದರೂ ಕಂಪನಿಯವರು ಹೊಸ ಮಾಲು ತರುವರು. ತುದಿ ಕತ್ತರಿಸಿ, ಉದ್ದನೆಯ ಕಡ್ಡಿಯಿಂದ ನಿಧಾನವಾಗಿ ಕಾಯಿಸಿ ಹೊತ್ತಿಸಿ, ಹೊಗೆಯನ್ನು ಒಳಗೆಳೆದುಕೊಳ್ಳದೆ ಬಾಯಲ್ಲೇ ಆಡಿಸಿ, ಒಬ್ಬೊಬ್ಬರಾಗಿ ರುಚಿ ಹೇಳಬೇಕು. ಅವತ್ತು ಒಬ್ಬ ಒದ್ದೆ ಮಣ್ಣು ಎಂದ. ಇನ್ನೊಬ್ಬ ಹುರಿದ ಕಾಫಿ, ಕೊನೆಗೊಂದು ಚೂರು ಕಾಳುಮೆಣಸು ಎಂದ. ಭಾವನ ಸರದಿ ಬಂತು.

“ನಂಗೇನೋ ಕ್ಲಚ್ ಸುಟ್ಟ ವಾಸನೆ ಬರ್ತಿದೆಯಪ್ಪ” ಎಂದ ಭಾವ. “ಚುಟ್ಟಾಗೆ ಸೂಟು ಹೊಲಿಸಿದ್ದೀರಿ, ಅಷ್ಟೇ.”

ಇಡೀ ಹಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭಾವನದು ಡ್ರೈವಿಂಗ್ ಸ್ಕೂಲು. ಕಲಿಯುವವರ ಪಕ್ಕ ಕೂತು “ಬ್ರೇಕು! ಬ್ರೇಕಮ್ಮಾ!” ಎಂದು ಕಿರುಚಿ ಕಿರುಚಿ ಪಳಗಿದ ಗಂಟಲು, ಮೈಕು ಬೇಕಾಗಿರಲಿಲ್ಲ. ಅಂದಿನಿಂದ ಅವನಿಲ್ಲದೆ ಕೂಟವೇ ಸಪ್ಪೆ ಎನ್ನುವಂತಾಯಿತು. ಹೋಗುತ್ತಾ ಹೋಗುತ್ತಾ ಅವನಿಗೂ ರುಚಿ ಹತ್ತಿತು. ಕಣ್ಣು ಮುಚ್ಚಿ ಮೂಸಿ, ಎಲೆ ಎಷ್ಟು ಹಳೆಯದು ಎಂದು ಮೈದುನನ ಜೊತೆ ವಾದಕ್ಕಿಳಿಯುತ್ತಿದ್ದ. ಒಂದು ವಿಷಯದ ಮೇಲೆ ಗಂಟೆಗಟ್ಟಲೆ ಜಗಳವಾಡಲು ಇಬ್ಬರಿಗೂ ಬೇರೆ ಯಾರೂ ಇರಲಿಲ್ಲ.

ಒಂದು ಚಳಿಗಾಲ ಭಾವನ ಗಂಟಲು ಕಟ್ಟಿತು. ಶೀತ ಎಂದುಕೊಂಡರು. ಬೇಸಿಗೆ ಬಂದರೂ ಬಿಡಲಿಲ್ಲ. ಕೊನೆಗೆ ಡಾಕ್ಟರು ಕ್ಯಾನ್ಸರ್ ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕೆಂದರು, ತೆಗೆದರು. ಕತ್ತಿನ ಬುಡದಲ್ಲಿ ಒಂದು ತೂತು. ಉಸಿರಾಟವೆಲ್ಲ ಇನ್ನು ಅದರ ಮೂಲಕ. ಮಾತಾಡಬೇಕೆಂದರೆ ಟಾರ್ಚಿನಂಥ ಪುಟ್ಟ ಯಂತ್ರವನ್ನು ಗಂಟಲಿಗೆ ಒತ್ತಿಕೊಳ್ಳಬೇಕು. ಡಬ್ಬದೊಳಗೆ ಸಿಕ್ಕ ದುಂಬಿಯ ಹಾಗೆ ಗುಂಯ್‌ಗುಡುವ ದನಿ ಹೊರಡುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಬೋರ್ಡು ಇಳಿಯಿತು.

ಅಕ್ಕ ಅತ್ತು ರಂಪ ಮಾಡುವವಳಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡನ ಅಂಗಿ ಮಡಚುತ್ತಾ ತಮ್ಮನಿಗೆ ಹೇಳಿದಳು: “ನೀನೇ ಕಲಿಸಿದೆ ಅಂತ ನಾನು ಅನ್ನಲ್ಲ. ಅವರೇನು ಎಳೆಮಗುವಾ? ಆದ್ರೆ ನೀನಿನ್ನೂ ಹೋಗ್ತಿದ್ದೀಯಲ್ಲ, ಅದು ನಂಗೆ ಅರ್ಥ ಆಗಲ್ಲ.”

ಅವನು ಹೋಗುತ್ತಿದ್ದದ್ದು ನಿಜ.

ವರ್ಷದ ದೊಡ್ಡ ಮೇಳ ಬಂತು. ಹೆಸರುವಾಸಿ ತಯಾರಕನೊಬ್ಬ ಬಹುಕಾಲ ಮಾಗಿಸಿದ ಎಲೆಯ ಹೊಸ ಸಿಗಾರ್ ಬಿಡುಗಡೆ ಮಾಡುವವನಿದ್ದ. ರುಚಿ ನೋಡಿ ಅಂಕ ಕೊಡುವ ತೀರ್ಪುಗಾರರಲ್ಲಿ ಕನ್ನಡಕದಂಗಡಿಯವನೂ ಒಬ್ಬ. ಎಷ್ಟೋ ವರ್ಷಗಳಿಂದ ಅವನು ಆಸೆಪಟ್ಟ ಕುರ್ಚಿ ಅದು. ಸುದ್ದಿ ಕೇಳಿದ ಭಾವ ಅಂಗಡಿಗೇ ಬಂದ, ಕೌಂಟರಿಗೆ ಒರಗಿ ಯಂತ್ರ ಒತ್ತಿದ.

“ನಾನೂ ಬರ್ತೀನಿ. ಸೇದಲ್ಲ. ಮೂಸಿ ನೋಡಿ ಕೂತಿರ್ತೀನಿ.”

“ಅಕ್ಕ ನನ್ನ ಚರ್ಮ ಸುಲೀತಾಳೆ ಭಾವ.”

“ಅವಳಿಗೆ ಹೇಳೇ ಬಂದಿದ್ದೀನಿ. ಮನೇಲಿ ಗೋಡೆ ನೋಡಿ ನೋಡಿ ಸಾಕಾಗಿದೆ ಕಣೋ.”

ಕರೆದುಕೊಂಡು ಹೋದ. ಭಾನುವಾರ ಮಧ್ಯಾಹ್ನ, ಹಾಲು ತುಂಬಿತ್ತು. ಕೂಟದ ಅಧ್ಯಕ್ಷ ಓಡಿಬಂದು ಭಾವನನ್ನು ತಬ್ಬಿಕೊಂಡ. ಹಳಬರು ಸುತ್ತುವರಿದರು. ಭಾವ ಯಂತ್ರ ತೆಗೆದು ಏನೋ ತಮಾಷೆ ಹೇಳಿದ. ಆ ಗುಂಯ್ ದನಿ ಕೇಳಿದ್ದೇ ಎಲ್ಲರ ನಗು ಮುಖದ ಮೇಲೇ ಹೆಪ್ಪುಗಟ್ಟಿತು. ಒಬ್ಬನಿಗೆ ಫೋನು ಬಂದ ನೆಪ, ಇನ್ನೊಬ್ಬನಿಗೆ ಯಾರನ್ನೋ ಕಾಣಬೇಕಾದ ಅವಸರ. ಸ್ವಲ್ಪ ಹೊತ್ತಿಗೆ ಭಾವನ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು.

ತೀರ್ಪುಗಾರರ ಮೇಜಿನಿಂದ ಅವನು ನೋಡುತ್ತಲೇ ಇದ್ದ. ಭಾವ ಹೊಸ ಸಿಗಾರನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲಿನಂತೆ ಕಣ್ಣು ಮುಚ್ಚಿ ಮೂಗಿನಡಿ ತಂದ. ಆ ತುದಿಯಿಂದ ಈ ತುದಿಗೆ ಎಳೆದ. ಮತ್ತೆ ಎಳೆದ. ಹುಬ್ಬು ಗಂಟಿಕ್ಕಿತು. ಕೈಯನ್ನೊಮ್ಮೆ ಕೋಟಿಗೆ ಒರೆಸಿಕೊಂಡು ಇನ್ನೊಮ್ಮೆ ಮೂಸಿದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತ.

ಎಲ್ಲರೂ ಹೊತ್ತಿಸಿದರು. ಹೊಗೆ ದಟ್ಟವಾಯಿತು. ಕತ್ತಿಗೆ ಸುತ್ತಿದ್ದ ಮಫ್ಲರು ದಾಟಿ ಹೊಗೆ ಆ ತೂತಿಗೆ ನುಗ್ಗಿರಬೇಕು, ಭಾವನಿಗೆ ಕೆಮ್ಮು ಹತ್ತಿತು. ಸದ್ದಿಲ್ಲದ ಕೆಮ್ಮು, ಬರೀ ಗಾಳಿ, ಬರೀ ಅದುರು. ಮಫ್ಲರು ಜಾರಿತು. ಕತ್ತಿನಿಂದ ಚಿಮ್ಮಿದ ಕಫ ಬಿಳಿ ಮೇಜುಬಟ್ಟೆಯ ಮೇಲೆ ಬಿತ್ತು. ಎದುರಿಗಿದ್ದ ಹೆಂಗಸು ಕುರ್ಚಿ ಹಿಂದಕ್ಕೆ ಸರಿಸಿದಳು.

ಅಧ್ಯಕ್ಷ ತೀರ್ಪುಗಾರರ ಮೇಜಿಗೆ ಬಂದು ಅವನ ಕಿವಿಯಲ್ಲಿ ಹೇಳಿದ: “ತಪ್ಪು ತಿಳ್ಕೋಬೇಡಿ. ಅವರನ್ನ ಸ್ವಲ್ಪ ಹೊರಗೆ ಕೂರಿಸೋಣ. ಅವರ ಆರೋಗ್ಯಕ್ಕೂ ಒಳ್ಳೇದು. ಕಂಪನಿಯವರು ಫೋಟೋ ತೆಗೀತಿದ್ದಾರೆ, ಈ ಹೊತ್ತಲ್ಲಿ...”

ಏಳಬೇಕೆಂದು ಅವನು ಕುರ್ಚಿಯ ಕೈ ಹಿಡಿದ. ಎದುರಿಗೆ ಸಿಗಾರ್ ಆಗಷ್ಟೇ ಸಮನಾಗಿ ಹೊತ್ತಿಕೊಂಡಿತ್ತು; ಈಗ ಬಿಟ್ಟರೆ ಆರಿಹೋಗುತ್ತದೆ.

“ನೀವೇ ಕರ್ಕೊಂಡು ಹೋಗಿ” ಎಂದ. “ಈ ಸುತ್ತು ಮುಗಿಸಿ ಬಂದ್ಬಿಡ್ತೀನಿ.”

ಅಧ್ಯಕ್ಷ ಭಾವನ ಮೊಣಕೈ ಹಿಡಿದು ನಡೆಸಿದ. ಬಾಗಿಲ ಬಳಿ ಭಾವ ತಿರುಗಿ ಮೈದುನನ ಕಡೆ ನೋಡಿದ. ಅವನು ಬೂದಿಯನ್ನು ಪರೀಕ್ಷಿಸುವವನಂತೆ ತಲೆ ತಗ್ಗಿಸಿದ. ಸಿಗಾರ್ ಅದ್ಭುತವಾಗಿತ್ತು. ಜನ್ಮದಲ್ಲಿ ಅಂಥದ್ದನ್ನು ಸೇದಿರಲಿಲ್ಲ. ಪೂರ್ತಿ ಅಂಕ ಕೊಟ್ಟ.

ಕೆಳಗಿಳಿದು ಬಂದಾಗ ಭಾವ ಕಾರಿನಲ್ಲಿ, ತನ್ನ ಹಳೆಯ ಜಾಗದಲ್ಲಿ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತಿದ್ದ. ಅವನು ಸ್ಟೀರಿಂಗ್ ಹಿಡಿದು ಕಾರು ಹೊರಡಿಸಿದ.

“ಹೇಗಿತ್ತು?” ಯಂತ್ರ ಗುಂಯ್‌ಗುಟ್ಟಿತು.

“ಅಂಥದ್ದೇನೂ ಇಲ್ಲ ಭಾವ. ಸುಮ್ನೆ ಹೆಸರು ದೊಡ್ಡದು.”

“ಸುಳ್ಳು ಹೇಳ್ಬೇಡ. ನಿನ್ನ ಮುಖ ನೋಡಿದ್ದೀನಿ.”

ಅವನು ಹೇಳಿದ. ಮೊದಲು ದೇವದಾರು ಮರ, ಆಮೇಲೆ ಹಳೆಯ ಚರ್ಮದ ಘಮ, ಕೊನೆಯಲ್ಲಿ ಜೇನಿನಂಥದ್ದೇನೋ. ಭಾವ ಕಿಟಕಿಯಾಚೆ ನೋಡುತ್ತಾ ಎಲ್ಲ ಕೇಳಿಸಿಕೊಂಡ.

“ನಂಗೆ ಏನೂ ಬರ್ಲಿಲ್ಲ ಕಣೋ. ಮೂಗಲ್ಲಿ ಉಸಿರೇ ಆಡಲ್ವಲ್ಲ, ವಾಸನೆ ಎಲ್ಲಿಂದ ಬರ್ಬೇಕು? ಡಾಕ್ಟ್ರು ಹೇಳಿದ್ರು. ನಾನು ನಂಬಿರ್ಲಿಲ್ಲ.” ರಸ್ತೆಯ ಕಡೆ ತಿರುಗಿ, “ಗೇರು ಬದ್ಲಾಯ್ಸು. ಎಂಜಿನ್ ಅಳ್ತಿದೆ” ಎಂದ.

ಮುಂದಿನ ಮಳೆಗಾಲ ಕಾಣಲಿಲ್ಲ ಭಾವ. ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಕೂಟದಿಂದ ದೊಡ್ಡ ಹೂವಿನ ಹಾರ ಬಂತು. ಅಕ್ಕ ಅದನ್ನು ಒಳಗೆ ತರಗೊಡಲಿಲ್ಲ.

ಮರುವರ್ಷದ ಮೇಳಕ್ಕೆ ಅವನು ಹೋದ. ಹೋಗಬಾರದೆಂದುಕೊಂಡೇ ಹೋದ. ಅಧ್ಯಕ್ಷ ಭಾವನ ಗುಣಗಾನ ಮಾಡಿದ, ಎಲ್ಲರೂ ಎದ್ದು ಮೌನವಾಗಿ ನಿಂತರು, ಕೂತ ತಕ್ಷಣ ಕಡ್ಡಿ ಗೀರಿದರು. ಅವನು ಸಿಗಾರನ್ನು ಹಾಗೇ ಬಿಟ್ಟು, ನೇರ ಅಕ್ಕನ ಮನೆಗೆ ಬಂದ.

ಬಾಗಿಲು ತೆರೆದ ಅಕ್ಕ ಅಲ್ಲೇ ನಿಂತಳು. ಅವನ ಕೋಟಿನಿಂದ ಹೊಗೆಯ ವಾಸನೆ ರಪ್ಪೆಂದು ಹೊಡೆಯುತ್ತಿತ್ತು.

“ಹೋಗಿದ್ದೆ ಅಲ್ವಾ?”

“ಹೋಗಿದ್ದೆ ಅಕ್ಕ. ಆದ್ರೆ ಸೇದ್ಲಿಲ್ಲ. ನಿನ್ನಾಣೆ.”

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ಹೋಗಿ ನೀರು ತಂದು ಕೊಟ್ಟಳು. ಅವನು ಹೊಸ್ತಿಲಾಚೆಯೇ ನಿಂತು ಕುಡಿದು ಲೋಟ ಹಿಂದಿರುಗಿಸಿದ.

“ಇರ್ಬಹುದು” ಎಂದು ಅಕ್ಕ ಬಾಗಿಲು ಮುಂದೆ ಮಾಡಿಕೊಂಡಳು.