ನಾದಿನಿಯ ಟಾನಿಕ್ಕು

ನನ್ನ ನಾದಿನಿ ವೀಣಳ ಮಾನ ಕಳೆಯಬೇಕೆಂದೇ ಆ ಭಾನುವಾರ ನಾನು ರೇಷ್ಮೆ ಸೀರೆ ಉಟ್ಟು ಮದ್ದೂರಿಗೆ ಹೊರಟೆ. ಅವಳ ಮಗಳು ಶೋಭಿತಾಳಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು, ಓಲೆಯೂ ಅವನ ಮನೆಯಿಂದಲೇ ಬರಬೇಕು. ಆ ಸೋದರಮಾವ ನನ್ನ ಗಂಡ ಯತೀಶ. ನಾವಿಲ್ಲದೆ ಅವಳ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವಂತಿರಲಿಲ್ಲ. ನೆಂಟರೆಲ್ಲ ಸೇರಿರುತ್ತಾರೆ, ಅವಳ ಗಿರಾಕಿಗಳೂ ಬಂದಿರುತ್ತಾರೆ. ಎಲ್ಲರ ಎದುರಿಗೆ ಅವಳ ಬಂಡವಾಳ ಬಿಚ್ಚಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ನನಗೇನು ಸುಮ್ಮನೆ ಸಿಟ್ಟು ಬರುವುದಿಲ್ಲ. ಬಂದರೆ ಮಾತ್ರ ಬೇಗ ಇಳಿಯುವುದಿಲ್ಲ. ನನ್ನ ಮಗ ಚಲುವ, ತೀರಿಹೋದ ಮಾವ ಚಲುವರಾಜು ಅವರ ಹೆಸರಿಟ್ಟ ಮಗ, ಹುಟ್ಟಿದಾಗಿನಿಂದಲೂ ಸಣ್ಣ ಮೈಯವನು. ತಟ್ಟೆ ತುಂಬ ಉಣ್ಣುತ್ತಾನೆ, ನಮ್ಮೂರು ಕೊತ್ತತ್ತಿಯ ನಾಲೆ ಏರಿಯ ಮೇಲೆ ಸಂಜೆಯವರೆಗೂ ಓಡುತ್ತಾನೆ, ಮೈ ಮಾತ್ರ ಹತ್ತುವುದಿಲ್ಲ. ಬಂಡೂರಿನಲ್ಲಿರುವ ನಮ್ಮಪ್ಪನೂ ಹಾಗೆಯೇ ಇದ್ದಾನೆ, ಈಗಲೂ ಮೂಟೆ ಹೊರುತ್ತಾನೆ. ನನಗೆ ಚಿಂತೆಯೇ ಇರಲಿಲ್ಲ. ಚಿಂತೆ ತಂದವಳು ವೀಣ. ಮದ್ದೂರಿನ ತನ್ನ ಮನೆಯಲ್ಲೇ ಮಕ್ಕಳ ಪುಡಿ, ಟಾನಿಕ್ಕು, ಡ್ರಾಪ್ಸು ಮಾರುವ ವ್ಯಾಪಾರ ಇಟ್ಟುಕೊಂಡಿದ್ದಳು. ತವರಿಗೆ ಬಂದಾಗಲೆಲ್ಲ ನನ್ನ ಮಗನ ರಟ್ಟೆ ಹಿಡಿದು ನೋಡುತ್ತಿದ್ದಳು.

"ಏನತ್ತಿಗೆ, ಮಗ ಒಳ್ಳೆ ಕಡ್ಡಿ ಆಗೋಗವ್ನೆ! ಎತ್ತೋಳಿಗೆ ಕಣ್ಣು ಕಾಣಕಿಲ್ವಾ?" ಅಂದಳು ಒಂದು ದಿನ. ಬೆಳಿಗ್ಗೆ ಹಾಲಿಗೆ ಪುಡಿ, ಮಧ್ಯಾಹ್ನ ಟಾನಿಕ್ಕು, ಸಂಜೆ ಡ್ರಾಪ್ಸು, ಮೂರೂ ದಿನಾ ಕೊಡಬೇಕಂತೆ.

ನಾನು ಡ್ರಾಪ್ಸಿನ ಸೀಸೆ ತಿರುಗಿಸಿ ನೋಡಿದೆ. "ವಾರಕ್ಕೊಂದು ಸಲ ಅಂತ ಬರ್ದವ್ರಲ್ಲಮ್ಮ ಇದ್ರ ಮ್ಯಾಲೆ?"

"ಅದು ಬೆಂಗ್ಳೂರು ಮಕ್ಕಳಿಗೆ ಕಣತ್ತಿಗೆ. ನಮ್ ಮಕ್ಕಳು ಬಿಸ್ಲಲ್ಲಿ ಓಡಾಡ್ತವೆ, ಎಲ್ಲ ಕರಗೋಯ್ತದೆ. ದಿನಾ ಕೊಟ್ರೇನೇ ಮೈ ಇಡಿಯೋದು."

ಬೇಡ ಅಂದೆ. ಒಂದಲ್ಲ, ನಾಲ್ಕು ಸಲ ಬೇಡ ಅಂದೆ. ನಾನು ಕೆಲಸಕ್ಕೆಂದು ಗಾರ್ಮೆಂಟ್ಸಿನ ಬಸ್ಸು ಹತ್ತಿದ ಮೇಲೆ ವೀಣ ಅಷ್ಟನ್ನೂ ತನ್ನ ತಾಯಿಯ ಕೈಗೆ ಕೊಟ್ಟು ಹೋಗಿದ್ದಾಳೆ. ನನ್ನ ಅತ್ತೆ ದೇವಿರಮ್ಮನಿಗೆ ಮಗಳ ಮಾತೆಂದರೆ ವೇದವಾಕ್ಯ. ಅದರ ಮೇಲೆ ಅತ್ತೆಗೆ ಹಸು ಸಾಕಿದ ಬುದ್ಧಿ ಬೇರೆ. ಡೈರಿಯವರು ಕೊಡುವ ಖನಿಜದ ಪುಡಿಯನ್ನು ದಿನಾ ಬೂಸಾಕ್ಕೆ ಬೆರೆಸುತ್ತಾರೆ, ಹಸು ಬಡವಾದರೆ ಒಂದು ಹಿಡಿ ಹೆಚ್ಚು ಹಾಕುತ್ತಾರೆ. ಹಸು ಹಾಲು ಏರಿಸುತ್ತದೆ, ಅತ್ತೆ ಹಿಗ್ಗುತ್ತಾರೆ. ಮೊಮ್ಮಗನಿಗೂ ಅದೇ ಲೆಕ್ಕ ನಡೆಯಿತು. ವೀಣ ಒಂದು ಚಮಚ ಅಂದರೆ ಇವರು ಗೋಪುರದ ಹಾಗೆ ತುಂಬಿದ ಚಮಚ ಹಾಕಿದರು. ನಾನು ಬರುವಷ್ಟರಲ್ಲಿ ಡಬ್ಬಿಯೆಲ್ಲ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಸೇರಿಬಿಡುತ್ತಿತ್ತು.

ಬರಬರುತ್ತ ಚಲುವ ಊಟ ಬಿಟ್ಟ. ಎಷ್ಟು ನೀರು ಕುಡಿದರೂ ಬಾಯಾರಿಕೆ ಅಂದ. ಹೊಟ್ಟೆ ಕಟ್ಟಿಕೊಂಡಿತು, ವಾಂತಿ ಹಿಡಿಯಿತು, ಓಡುವ ಹುಡುಗ ಗೋಡೆಗೆ ಒರಗಿ ಕೂತುಬಿಟ್ಟ. ಮಂಡ್ಯದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಮಗುವಿಗೆ ಏನೇನು ಕೊಡುತ್ತಿದ್ದೀರಿ ಎಂದು ಕೇಳಿದರು. ಆಗ ಅತ್ತೆ ಅಳುತ್ತ ಎಲ್ಲವನ್ನೂ ಬಾಯಿಬಿಟ್ಟರು.

"ಈ ಮೂರರಲ್ಲೂ ಡಿ ವಿಟಮಿನ್ನಿದೆ, ಎರಡರಲ್ಲಿ ಕ್ಯಾಲ್ಸಿಯಮ್ಮೂ ಇದೆ," ಅಂದರು ಡಾಕ್ಟರಮ್ಮ. "ನೀವು ಮೂರು ಔಷಧಿ ಕೊಟ್ಟಿಲ್ಲ, ಒಂದನ್ನೇ ಮೂರು ಸಲ ಕೊಟ್ಟಿದೀರ. ರಾಗಿ ತಿನ್ನೋ, ಹಾಲು ಕುಡಿಯೋ ಮಗು. ಏನು ಕಮ್ಮಿ ಅಂತ ನೋಡಿ ಅದಷ್ಟನ್ನೇ ಕೊಡಬೇಕು ತಾಯಿ. ಹೆಚ್ಚಾಗಿದ್ದು ಬೇಗ ಮೈ ಬಿಟ್ಟು ಹೋಗಲ್ಲ, ಕಿಡ್ನಿ ಹಾಳುಮಾಡುತ್ತೆ."

ಮಗನ ಪುಟ್ಟ ಕೈಗೆ ಸೂಜಿ ಚುಚ್ಚಿ ಮಲಗಿಸಿದ್ದರು. ಆಸ್ಪತ್ರೆಯ ವರಾಂಡದಿಂದಲೇ ವೀಣಳಿಗೆ ಫೋನು ಮಾಡಿದೆ.

"ನನ್ ಪುಡಿಯಿಂದ ಯಾರ್ಗೂ ಏನೂ ಆಗಿಲ್ಲ. ಮಗ ಸಾಕಕ್ಕೆ ಬರ್ದೋಳು ನನ್ ಯಾಪಾರಕ್ಕೆ ಕಲ್ಲು ಆಕ್ಬೇಡ," ಅಂದು ಫೋನಿಟ್ಟಳು.

ನೋಡಲೂ ಬರಲಿಲ್ಲ ಮಹಾತಾಯಿ. ಸಾಲದ್ದಕ್ಕೆ, ಅತ್ತಿಗೆ ಮಗನಿಗೆ ಹಳಸಿದ ಅನ್ನ ಇಕ್ಕಿ ಆಸ್ಪತ್ರೆ ಸೇರಿಸಿದಳು ಎಂದು ನೆಂಟರಿಗೆಲ್ಲ ಸಾರಿದಳು. ಯಲಿಯೂರಿನ ಚಿಕ್ಕತ್ತೆ ಬಂದು ನನಗೇ ಬುದ್ಧಿ ಹೇಳಿ ಹೋದರು. ಮೈಯೆಲ್ಲ ಉರಿದುಹೋಯಿತು. ಮಗ ಹುಷಾರಾಗಿ ಮನೆಗೆ ಬಂದ, ನನ್ನ ಉರಿ ಮಾತ್ರ ಆರಲಿಲ್ಲ.

ಮದ್ದೂರಿನಲ್ಲಿ ಬಾಗಿಲಿಗೆ ಚಪ್ಪರ ಹಾಕಿದ್ದರು. ವೀಣ ಹಲ್ಲು ಬಿಟ್ಟುಕೊಂಡು ಬಂದು ಅಣ್ಣನ ಕಾಲಿಗೆ ಬಿದ್ದಳು, ನನ್ನ ಕಡೆ ಕತ್ತು ಹೊರಳಿಸಲಿಲ್ಲ. ಇರು, ಬಡ್ಡಿಸಮೇತ ತೀರಿಸ್ತೀನಿ ಅಂದುಕೊಂಡೆ. ಕಿವಿ ಚುಚ್ಚಿ ಮುಗಿಯಲಿ, ಊಟಕ್ಕೆ ಕೂತಾಗ ಬಾಯಿ ತೆಗೆಯೋಣ ಎಂದು ಗೋಡೆ ಪಕ್ಕ ಕೂತೆ.

ಯತೀಶ ಸೊಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಮೂರು ವರ್ಷದ ಕೂಸು ಮಾವನ ಎದೆಗೆ ತಲೆ ಆನಿಸಿಬಿಟ್ಟಿತು. ಆಚಾರಿ ಎಡಗಿವಿಗೆ ತಂತಿ ತೂರಿಸಿದ. ಕೂಸು ಕಣ್ಣು ಮುಚ್ಚಿತು, ಅಷ್ಟೇ. ಬಲಗಿವಿಗೂ ತೂರಿಸಿದ. ಒಂದು ಹನಿ ನೀರು ಇಳಿಯಿತು, ಸದ್ದೇ ಇಲ್ಲ. ಕಿವಿ ಚುಚ್ಚುವಾಗ ಊರು ಹಾರಿಹೋಗುವಂತೆ ಕಿರುಚದ ಮಗುವನ್ನು ನಾನು ಎಲ್ಲೂ ನೋಡಿಲ್ಲ.

"ನೋಡುದ್ರಾ?" ವೀಣ ಹೆಂಗಸರ ಕಡೆ ತಿರುಗಿದಳು. "ಅತ್ಲಾ ನನ್ ಕೂಸು? ಎಲ್ಲ ಆ ಟಾನಿಕ್ಕಿನ ಸಕ್ತಿ ಕಣ್ರಮ್ಮ."

"ಅಬ್ಬಾ, ಏನ್ ಗಟ್ಟಿಗಿತ್ತಿ!" ಅಂದಳು ಅವಳ ಅತ್ತೆ ಸಣ್ಣತಾಯಮ್ಮ.

ಗಟ್ಟಿಗಿತ್ತಿಯಲ್ಲ. ಅಳುವುದಕ್ಕೂ ಆ ಮಗುವಿನ ಮೈಯಲ್ಲಿ ತ್ರಾಣವಿರಲಿಲ್ಲ. ತೊಡೆಯಿಂದ ಇಳಿದದ್ದೇ ನನ್ನ ಹತ್ತಿರ ಬಂದು, "ಅತ್ತೆ, ನೀಲು," ಅಂದಿತು. ಚೊಂಬು ಕೊಟ್ಟೆ. ಗಟಗಟ ಕುಡಿದು ಮತ್ತೆ ನೀರು ಕೇಳಿತು. ತುಟಿ ಒಡೆದಿತ್ತು. ಬೀಗಿದ ಹೊಟ್ಟೆ ನನ್ನ ಮೊಣಕಾಲಿಗೆ ಗಟ್ಟಿಯಾಗಿ ತಾಕಿತು. ನನ್ನ ಮಗನ ಮೈಯಲ್ಲಿ ಕಂಡದ್ದೆಲ್ಲ ಇಲ್ಲೂ ಇತ್ತು.

ಆಗ ನನಗೆ ಏನನ್ನಿಸಿತು ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸಂತೋಷವಾಯಿತು! ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ನಾನು ಅತ್ತ ವರಾಂಡದಲ್ಲಿ ಇವಳೂ ಅಳುತ್ತಾಳೆ. ಮಾಡಿದ್ದುಣ್ಣೋ ಮಹಾರಾಯ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರೆಯೇ? ಹಳಸಿದ ಅನ್ನ ಇಕ್ಕಿದ್ಯೇನಮ್ಮ ಅಂತ ಆಸ್ಪತ್ರೆಗೇ ಹೋಗಿ ಕೇಳಬಹುದು. ಬೆಲ್ಲದ ಪಾಕದಷ್ಟು ರುಚಿಯಾಗಿತ್ತು ಆ ಯೋಚನೆ. ಅಷ್ಟರಲ್ಲಿ ಕೂಸು ನನ್ನ ಹೊಸ ಸೀರೆಯ ಮಡಿಲಿಗೆ ನೀರನ್ನೆಲ್ಲ ಕಕ್ಕಿ, ಅಲ್ಲೇ ತಲೆ ಇಟ್ಟು ಮಲಗಿತು. ಆ ತಲೆಯ ಭಾರ ನನಗೆ ಗೊತ್ತಿದ್ದದ್ದೇ.

"ಲೇ ವೀಣ! ಈ ಕೂಸಿಗೆ ದಿನಾ ಏನೇನ್ ಕುಡುಸ್ತಿದ್ದೀಯೆ?"

"ಮೂರೂ ಕುಡುಸ್ತೀನಿ, ಅದೂ ಎರಡೆರಡು ಸಲ! ಬೇರೇರಿಗೆ ಮಾರೋದ್ನ ನನ್ ಮಗಳಿಗೆ ಕುಡುಸ್ದೆ ಇದ್ದೇನಾ?"

ಕಳ್ಳಿ ಅಂತ ತಿಳಿದಿದ್ದೆ. ಅವಳು ಅದನ್ನು ನಿಜಕ್ಕೂ ನಂಬಿದ್ದಳು, ದರಿದ್ರದವಳು.

"ಕೂಸು ಸಾಯ್ತದೆ ಕಣೇ! ಚಲುವನ್ಗೂ ಇಂಗೇ ಆಗಿದ್ದು. ಈಗಿಂದೀಗ್ಲೇ ಮಂಡ್ಯಕ್ಕೆ ಎತ್ಕೊಂಡ್ ನಡಿ."

ವೀಣಳ ಮುಖ ಕೆಂಪಾಯಿತು. "ನೋಡ್ರಮ್ಮ, ಒಟ್ಟೆಕಿಚ್ಚು ಅಂದ್ರೆ ಇದೇಯ! ಸುಬದಿನ ನನ್ ಕೂಸಿಗೆ ಸಾಪ ಆಕ್ತಾವ್ಳೆ. ನಿನ್ ಮುಂದೇನೇ ಕುಡುಸ್ತೀನಿ, ಅದೇನಾಯ್ತದೋ ನೋಡೇಬುಡಣ," ಅಂದವಳೇ ಒಳಗಿಂದ ಟಾನಿಕ್ಕು ತಂದು, ಚಮಚ ತುಂಬಿಸಿ ಮಗುವಿನ ಬಾಯಿಗೆ ಹಿಡಿದಳು.

ಅವಳ ಕೈಗೆ ಬಾರಿಸಿದೆ. ಚಮಚ ಚಪ್ಪರದ ಬಿದಿರು ಗಳುವಿಗೆ ಹೋಗಿ ಬಡಿಯಿತು. ಸಣ್ಣತಾಯಮ್ಮ ಅಯ್ಯಯ್ಯೋ ಅಂದಳು, ವೀಣಳ ಗಂಡ ನನ್ನ ಮೇಲೆ ಏರಿಬಂದ. ಆಗ ನಮ್ಮ ಜೊತೆ ಬಂದಿದ್ದ ನನ್ನ ಅತ್ತೆ ಅಡ್ಡ ನಿಂತರು. ಜನ್ಮದಲ್ಲಿ ಒಂದು ದಿನ ನನ್ನ ಪರ ಮಾತಾಡದ ದೇವಿರಮ್ಮ!

"ನಿನ್ ಅತ್ತಿಗೆ ರೂಪ ಯೋಳದ್ ಕೇಳವ್ವ," ಅಂದರು ಮಗಳಿಗೆ. "ನಿನ್ ಮಾತ್ ಕೇಳಿ ಈ ಕೈಯಾರೆ ಮೊಮ್ಮಗನ್ನ ಸಾವಿನ್ ಬಾಗ್ಲಿಗೆ ತಳ್ಳಿದ್ದೆ. ಇನ್ನೊಂದು ಕೂಸ್ನ ತಳ್ಳಾಕಿಲ್ಲ."

ವೀಣಳ ಗಂಡ ಹಿಂದೆ ಸರಿದ. ಯತೀಶ ಕಾರು ತೆಗೆದ. ಕೂಸು ದಾರಿಯುದ್ದಕ್ಕೂ ನನ್ನ ಮಡಿಲಲ್ಲೇ ಇತ್ತು. ಮಂಡ್ಯದ ಡಾಕ್ಟರಮ್ಮ ರಕ್ತದ ವರದಿ ನೋಡಿ, ಚಲುವನಿಗಿಂತ ಹೆಚ್ಚಿದೆ, ಆದರೂ ಕಿಡ್ನಿ ಇನ್ನೂ ಕೆಟ್ಟಿಲ್ಲ, ಉಳಿಸಿಕೊಳ್ಳಬಹುದು ಅಂದರು. ಡ್ರಿಪ್ಪು ಹಾಕಿದರು. ವೀಣ ವರಾಂಡದ ನೆಲದ ಮೇಲೆ ಕುಸಿದು ನನ್ನ ಕಾಲು ಹಿಡಿದುಕೊಂಡಳು.

"ತೆಪ್ಪಾಯ್ತು ಅತ್ತಿಗೆ. ಒಂದೇ ಒಂದ್ ಸಲ ಸಮಿಸ್ಬುಡು."

ನಾನೇನು ದೇವತೆಯಲ್ಲ. ಅವಳ ಅಳು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಆದರೆ ಚಪ್ಪರದಲ್ಲಿ ಕೂತಿದ್ದ ಅವಳ ಗಿರಾಕಿ ಹೆಂಗಸರೂ, ಅವರ ಸೊಂಟದ ಮೇಲಿದ್ದ ಮಕ್ಕಳೂ ಕಣ್ಣ ಮುಂದೆ ಬಂದರು.

"ಸಮಿಸಾಕಿಲ್ಲ," ಅಂದೆ. "ಫೋನ್ ತಗೊ. ಯಾರ್ಯಾರಿಗೆ ಮಾರಿದ್ದೀಯೋ ಒಬ್ಬೊಬ್ಬರ್ಗೂ ಮಾಡು. ನಿಲ್ಸಿ, ಮಗೀನ ಡಾಕ್ಟ್ರಿಗೆ ತೋರ್ಸಿ ಅಂತ ನಿನ್ ಬಾಯಲ್ಲೇ ಯೋಳು."

"ನನ್ ಮಾನ ಓಯ್ತದಲ್ಲ ಅತ್ತಿಗೆ..."

"ಓಗ್ಲಿ."

ವೀಣ ಒಂದು ನಂಬರು ಒತ್ತಿದಳು. ಆ ಕಡೆ ಬೆಳ್ಳಮ್ಮ ಎಂಬುವಳು ಎತ್ತಿದಳು. ವೀಣ ತಡವರಿಸುತ್ತ ವಿಷಯ ಹೇಳಿದಳು. ಆಮೇಲೆ ಶುರುವಾಯಿತು ನೋಡಿ, ನನ್ನ ಕಿವಿಗೂ ಕೇಳುವಷ್ಟು ಜೋರು, ಹೆತ್ತವಳ ಬಾಯಿಂದ ಬರುವ ಬೈಗುಳ: ನಿನ್ನ ಕೈ ಸೇದಿಹೋಗ, ನಿನ್ನ ಮನೆ ಹಾಳಾಗ. ವೀಣ ಅಳುತ್ತ ಫೋನು ಕೆಳಗಿಡಲು ಹೋದಳು. ನಾನು ಅವಳ ಕೈಯನ್ನು ಹಿಡಿದು ಕಿವಿಗೇ ಒತ್ತಿದೆ.

"ಪೂರ್ತಿ ಕೇಳುಸ್ಕೊ," ಅಂದೆ. "ಆಮ್ಯಾಕೆ ಮುಂದಿನೋಳ್ಗೆ ಮಾಡು."