ಏಳಕ್ಕೂ ಎಂಟಕ್ಕೂ ನಡುವೆ

"ಟೀಚರ್, ಸ್ವಲ್ಪ ಕೆಳಗೆ ಬರ್ತೀರಾ?"

ಸೈಕಲ್ ಅಂಗಡಿಯವನು ಬಾಗಿಲಲ್ಲಿ ನಿಂತಿದ್ದ. ಅವನ ಅಂಗಡಿಯ ಮೇಲಿನ ಉದ್ದನೆಯ ಕೋಣೆಯೇ ಟೀಚರ ನೃತ್ಯಶಾಲೆ. ಮೂವತ್ತೊಂದು ವರ್ಷಗಳಲ್ಲಿ ಅವನು ಪಾಠದ ನಡುವೆ ಮೆಟ್ಟಿಲು ಹತ್ತಿ ಬಂದದ್ದು ಅದೇ ಮೊದಲು.

"ಎಂಟರವರೆಗೆ ಎಣಿಸಿ ಬರ್ತೀನಿ," ಎಂದರು ಟೀಚರು, ತಿರುಗಿಯೂ ನೋಡದೆ. ಅವರಿಗೆ ಆಗಲೇ ಸಿಟ್ಟು ಬಂದಿತ್ತು. ಡ್ರಮ್ ಬಾರಿಸುತ್ತ ಎಣಿಕೆ ಹೇಳುವ ತಮ್ಮ, ಹಾಲು ತಂದಿಟ್ಟು ಬರುತ್ತೇನೆಂದು ಮನೆಯಲ್ಲಿ ಉಳಿದವನು, ಗಂಟೆ ಹತ್ತಾದರೂ ಬಂದಿರಲಿಲ್ಲ. ಚಪ್ಪಾಳೆ ತಟ್ಟಿಕೊಂಡು ತಾವೇ ಎಣಿಸಬೇಕಾಗಿತ್ತು. ನೆಲದ ಮೇಲೆ ಒಂಬತ್ತು ಜನ ಮಲಗಿದ್ದರು. ಅಂದು ಬೀಳುವ ಪಾಠ. ನಾಲ್ಕು ಎಣಿಕೆಯಲ್ಲಿ ಬೆನ್ನು ಬಾಗಿಸಿ, ಸೊಂಟ ಇಳಿಸಿ, ಸದ್ದಾಗದಂತೆ ನೆಲಕ್ಕೆ ಒರಗಬೇಕು. ಉಳಿದ ನಾಲ್ಕರಲ್ಲಿ ಎದ್ದು ನಿಲ್ಲಬೇಕು.

"ಐದು," ಎಂದರು ಟೀಚರು.

"ನಿಮ್ಮ ತಮ್ಮ ಬಸ್ ಸ್ಟಾಪಲ್ಲಿ ಕುಸಿದುಬಿದ್ರಂತೆ, ಟೀಚರ್. ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಆದ್ರೆ..." ಅವನು ಗ್ರೀಸ್ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ. "ಹೋಗಿಬಿಟ್ರು."

"ಆರು. ಏಳು. ಎಂಟು."

ಮಲಗಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಟೀಚರು ನಿಂತಲ್ಲೇ ಕುಸಿದು ಕುಳಿತರು.

ಅಕ್ಕ ತಮ್ಮ ಇಬ್ಬರೇ ಇದ್ದ ಮನೆ ಅದು. ಇಬ್ಬರೂ ಮದುವೆಯಾಗಿರಲಿಲ್ಲ. ಯಾರಾದರೂ ಕಾರಣ ಕೇಳಿದರೆ, "ನಮ್ಮಕ್ಕ ಕುಣಿಸ್ತಾಳೆ, ನಾನು ಬಡೀತೀನಿ. ಸಂಸಾರಕ್ಕೆ ಇನ್ನೇನು ಬೇಕು?" ಎಂದು ಅವನು ನಗಿಸುತ್ತಿದ್ದ. ಈಗ ಟೀಚರು ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡುತ್ತಿದ್ದರು. ಚೆಲ್ಲಲು ಮನಸ್ಸಾಗದೆ ಎರಡನ್ನೂ ತಾವೇ ಕುಡಿಯುತ್ತಿದ್ದರು. ಅವನ ಕೋಣೆಯ ಬಾಗಿಲು ಮುಚ್ಚಿದರೆ ಮನೆ ಉಸಿರುಗಟ್ಟುತ್ತಿತ್ತು, ತೆರೆದಿಟ್ಟರೆ ಮಂಚ ಕಾಣುತ್ತಿತ್ತು.

ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅವನು ಹೋಗುವ ಹಿಂದಿನ ಸಂಜೆ, ಶಾಲೆಗೆ ಬೀಗ ಹಾಕುತ್ತ ಟೀಚರು ಹೇಳಿದ್ದರು: "ನಿನ್ನ ಕೈ ಜಾರ್ತಿದೆ ಕಣೋ. ಏಳಕ್ಕೂ ಎಂಟಕ್ಕೂ ನಡುವೆ ತೂಕಡಿಸ್ತೀಯ. ಮುದುಕ ಆದೆ ನೀನು. ಮುಂದಿನ ವಾರ ಸ್ಪೀಕರ್ ತರಿಸ್ತೀನಿ."

"ತರ್ಸು ಅಕ್ಕ. ಅದು ಚಹಾನೂ ಕೇಳಲ್ಲ," ಎಂದು ಅವನು ನಕ್ಕಿದ್ದ. ದಾರಿಯುದ್ದಕ್ಕೂ ಮತ್ತೆ ಮಾತಾಡಿರಲಿಲ್ಲ.

ಟೀಚರಿಗೆ ಚಿಕ್ಕಂದಿನಿಂದಲೂ ಬೆಳಿಗ್ಗೆ ಕೈಮುಗಿದು ಕೂರುವ ರೂಢಿ. ಯಾರು ತೀರಿಕೊಂಡರೂ ಅವರ ಶಾಂತಿಗಾಗಿ ಬೇಡದೆ ದಿನ ಆರಂಭಿಸಿದವರಲ್ಲ. ಆದರೆ ಈಗ ತಮ್ಮನಿಗಾಗಿ ಬೇಡಲು ಹೊರಟರೆ ತಾವೇ ಆಡಿದ ಮಾತು ನಾಲಿಗೆಗೆ ಅಡ್ಡ ಬರುತ್ತಿತ್ತು. ಮುದುಕ ಆದೆ ಎಂದು ಹಳಿದ ಬಾಯಿಂದಲೇ ಅವನಿಗೆ ಶಾಂತಿ ಬೇಡುವುದು ಹೇಗೆ? ಮುಗಿದ ಕೈ ಬಿಡಿಸಿಕೊಂಡು ಎದ್ದುಬಿಡುತ್ತಿದ್ದರು. ಮೂರು ವಾರ ಹೀಗೇ ನಡೆಯಿತು.

ನಾಲ್ಕನೆಯ ವಾರ ಶಾಲೆ ತೆರೆದರು. ಸ್ಪೀಕರ್ ಬಂದಿತ್ತು. ಅದರೊಳಗಿನ ತಾಳ ಗಡಿಯಾರದಷ್ಟು ಸರಿಯಾಗಿತ್ತು. ಎಂಟು ಜನ ಬಿದ್ದು ಎದ್ದರು. ಹಿಂದಿನ ಸಾಲಿನ ಟೇಲರ್ ಆಂಟಿ ಎಂಟು ಕೇಳಿದಾಗಲೂ ಒಂದು ಮಂಡಿಯೂರಿಯೇ ಇದ್ದರು. ಎರಡನೆಯ ಸಲವೂ ಹಾಗೇ ಆಯಿತು, ಮೂರನೆಯ ಸಲವೂ.

"ಮನೇಲಿ ಅಭ್ಯಾಸ ಮಾಡ್ತಿಲ್ಲ ನೀವು," ಎಂದರು ಟೀಚರು.

"ಆರು ವರ್ಷದಿಂದ ನಾನು ಹೀಗೇ ಏಳೋದು, ಟೀಚರ್. ಹೊಲಿಗೆ ಮಷೀನು ತುಳಿದೂ ತುಳಿದೂ ಸವೆದ ಮಂಡಿ. ಈ ವರ್ಷ ಇನ್ನೂ ಕೆಟ್ಟಿದೆ."

"ಮೊದಲು ಎಲ್ಲರ ಜೊತೆಗೇ ಏಳ್ತಿದ್ರಲ್ಲ?"

ಗುಂಗುರು ಕೂದಲಿನ ಹುಡುಗಿಯೊಬ್ಬಳು ಹೇಳಿದಳು: "ಡ್ರಮ್ ಮಾಮ ಕಾಯ್ತಿದ್ರು, ಟೀಚರ್. ಆಂಟಿ ಮಂಡಿ ನೆಟ್ಟಗಾಗೋವರೆಗೂ ಎಂಟು ಹೊಡೀತಿರ್ಲಿಲ್ಲ. ನಾವೂ ತಡೀತಿದ್ವಿ. ನೀವು ಯಾವಾಗ್ಲೂ ಕನ್ನಡೀಲಿ ಮುಂದಿನ ಸಾಲನ್ನೇ ನೋಡ್ತಿದ್ರಿ."

"ನನಗಿಂತ ಮುಂಚೆ ಬೇರೆ ಯಾರಿಗೋ ಕಾಯ್ತಿದ್ರಂತೆ," ಎಂದರು ಟೇಲರ್ ಆಂಟಿ. "'ಏಳು ಅನ್ನೋದು ಎಣಿಕೆನೂ ಹೌದು, ಎಬ್ಬಿಸೋದೂ ಹೌದು. ಎಬ್ಬಿಸಿದ ಮೇಲೆ ಎದ್ರಾ ಇಲ್ವಾ ಅಂತ ನೋಡ್ಬೇಡ್ವಾ?' ಅಂತಿದ್ರು. ನಿಮಗೆ ಹೇಳ್ಬೇಡಿ ಅಂದಿದ್ರು. 'ನಮ್ಮಕ್ಕನಿಗೆ ತಾಳ ಅಂದ್ರೆ ದೇವರು, ಬೇಜಾರು ಮಾಡ್ಕೋತಾಳೆ' ಅಂತ."

ಟೀಚರು ಕಿಟಕಿಯ ಬಳಿ ಹೋಗಿ ನಿಂತರು. ಕೆಳಗೆ ಸೈಕಲ್ ಅಂಗಡಿಯವನು ಒಂದು ಚಕ್ರವನ್ನು ತಿರುಗಿಸಿ, ಕಣ್ಣು ಕಿರಿದುಮಾಡಿ ಅದರ ಸೊಟ್ಟ ನೋಡುತ್ತಿದ್ದ. 'ನಿಮ್ಮ ಶಿಷ್ಯರು ಒಂದೇ ಉಸಿರಿನಲ್ಲಿ ಏಳುತ್ತಾರೆ' ಎಂದು ಪಾಠ ನೋಡಲು ಬಂದವರೆಲ್ಲ ಹೊಗಳಿದ್ದರು. ಅದು ತಾವು ಕಲಿಸಿದ ಪಾಠದ ಬಿಗಿ ಎಂದು ಟೀಚರು ನಂಬಿದ್ದರು. ಹೊಗಳಿಕೆ ಕೇಳುವಾಗ ಅವನು ಮೂಲೆಯಲ್ಲಿ ತಲೆ ತಗ್ಗಿಸಿ ಡ್ರಮ್ಮಿನ ತಿರುಪು ಬಿಗಿಮಾಡುತ್ತಿದ್ದ. ನಿಜ ಹೇಳಲು ಆ ಕೊನೆಯ ಸಂಜೆಗಿಂತ ಒಳ್ಳೆಯ ಸಮಯ ಅವನಿಗೆ ಸಿಕ್ಕುತ್ತಿರಲಿಲ್ಲ. ಆಗಲೂ ಹೇಳಲಿಲ್ಲ. ಬೈಸಿಕೊಂಡು ಮನೆಗೆ ಬಂದ.

ಅವರು ಮುಖ ಒರೆಸಿಕೊಂಡು ಬಂದು ಸ್ಪೀಕರ್ ನಿಲ್ಲಿಸಿದರು. ಕನ್ನಡಿಗೆ ಬೆನ್ನು ಮಾಡಿ ನಿಂತರು. ಅಲ್ಲಿಂದ ಹಿಂದಿನ ಸಾಲು ಪೂರ್ತಿ ಕಾಣುತ್ತಿತ್ತು.

"ಮತ್ತೆ ಒಂದರಿಂದ," ಎಂದರು.

ಮೊದಲ ಸಲ, ರೂಢಿಗೆ ಬಿದ್ದ ನಾಲಿಗೆ ಎಂಟನ್ನು ಬೇಗನೆ ಉದುರಿಸಿಬಿಟ್ಟಿತು. ಎರಡನೆಯ ಸಲ ಹೆದರಿ ಏಳನ್ನು ಎಳೆದೇ ಎಳೆದರು.

"ಇಷ್ಟೊತ್ತು ಬೇಡ ಟೀಚರ್," ಎಂದರು ಟೇಲರ್ ಆಂಟಿ. "ಮಂಡಿ ಕೆಟ್ಟಿರೋದು ನಿಜ. ನಾನೇನೂ ನಿದ್ದೆ ಹೋಗಿಲ್ಲ!"

ಎಲ್ಲರೂ ನಕ್ಕರು. ಆ ಕೋಣೆಯಲ್ಲಿ ನಗು ಕೇಳಿ ತಿಂಗಳಾಗುತ್ತ ಬಂದಿತ್ತು. ಟೀಚರೂ ನಕ್ಕರು.

ಮೂರನೆಯ ಸಲ ಅವರು ಆಂಟಿಯ ಮಂಡಿಯನ್ನಷ್ಟೇ ನೋಡಲಿಲ್ಲ. ಅಂಗೈ ನೆಲ ಬಿಡುವುದು, ಬೆನ್ನು ನಡುಗುವುದು, ಉಸಿರು ಒಳಗೆ ಹೋಗಿ ನಿಲ್ಲುವುದು, ಎಲ್ಲ ಕಂಡಿತು. ಎಂಟು ಎಲ್ಲಿ ಬರಬೇಕೆಂದು ಆ ದೇಹವೇ ಹೇಳುತ್ತಿತ್ತು. ಅವರು ಅಲ್ಲಿಗೆ ಎಂಟು ಹೇಳಿದರು. ಒಂಬತ್ತು ಜನರ ಪಾದಗಳು ಒಟ್ಟಿಗೆ ನೆಲ ಒತ್ತಿದವು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಟೀಚರು ಖಾಲಿ ಕೋಣೆಯ ನಡುವೆ ಕುಳಿತು ಕೈಮುಗಿದರು. ಬಹಳ ಹೊತ್ತು ಏನೂ ಬರಲಿಲ್ಲ. ಅವರು ಏಳಲೂ ಇಲ್ಲ. ಆಮೇಲೆ ಮಾತು ತಾನಾಗಿ ಬಂತು.

"ದೇವರೇ, ನನ್ನ ತಮ್ಮನಿಗೆ ಶಾಂತಿ ಕೊಡು. ಹಿಂದೆ ಉಳಿದವರಿಗಾಗಿ ಕಾಯುತ್ತಲೇ ಬದುಕಿದವನು ಅವನು. ನಿನ್ನ ಬಾಗಿಲಲ್ಲಿ ಅವನನ್ನು ಕಾಯಿಸಬೇಡ."