ಬೋರ್ಡಿನ ಮೊದಲ ಸಾಲು

ಹೆಣ ಎತ್ತಲು ನಾಲ್ವರು ಬಗ್ಗುತ್ತಿದ್ದಂತೆ ಎದುರುಮನೆಯಾಕೆ ಕೈಚಾಚಿ ನಡುಮನೆಯ ದೀಪ ಆರಿಸಿದಳು. ಹಗಲಲ್ಲಿ ಬಲ್ಬು ಉರಿಯುವುದನ್ನು ಕಂಡರೆ ಮೀಟರ್ ಮಾವ ಮಲಗಿದಲ್ಲಿಂದಲೇ ಎದ್ದು ಗೊಣಗಿಯಾರು ಎಂದು ಯಾರೋ ಮೆಲ್ಲಗೆ ಅಂದರು. ಒಂದಿಬ್ಬರು ನಕ್ಕು, ಆಮೇಲೆ ಕಣ್ಣೊರೆಸಿಕೊಂಡರು. ಮಗಳು ನಗಲಿಲ್ಲ, ಅಳಲೂ ಇಲ್ಲ. ಮೂರು ವರ್ಷದಿಂದ ಅವಳು ಅಪ್ಪನೊಂದಿಗೆ ಮಾತು ಬಿಟ್ಟಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಪುರಸಭೆಯ ಗುಮಾಸ್ತರು ಹಿಂಜರಿಯುತ್ತ ಬಾಗಿಲಲ್ಲಿ ನಿಂತರು. ಇವತ್ತು ಒಂದನೇ ತಾರೀಕು, ಬೋರ್ಡು ಬರೆಯಬೇಕು, ಮಾವ ನಿನ್ನೆ ಮೀಟರ್ ಓದಿ ಬರೆದಿಟ್ಟ ಪುಸ್ತಕ ಬೇಕಿತ್ತು ಎಂದರು. ಅದನ್ನು ಚೀಲಕ್ಕೆ ಹಾಕಿ ಕುರ್ಚಿಯಲ್ಲಿ ಕುಳಿತವರು ಮತ್ತೆ ಎದ್ದಿರಲಿಲ್ಲ.

"ಮೂರು ವರ್ಷದಿಂದ ಈ ಬೀದೀಲಿ ಎಲ್ಲರಿಗಿಂತ ಹೆಚ್ಚು ಕರೆಂಟು ಉರಿಸೋದು ನಿಮ್ಮನೆಯೇ ಅಮ್ಮ," ಎಂದು ಗುಮಾಸ್ತರು ಬೇಸರದಿಂದಲೇ ಸೇರಿಸಿದರು. "ಊರಿಗೆಲ್ಲ ಬುದ್ಧಿ ಹೇಳೋರು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ."

ಮಗಳಿಗೆ ಮೈ ಉರಿಯಿತು. ಅಮ್ಮನ ಉಸಿರಿಗೆ ಲೆಕ್ಕ ಹಾಕಿದ ಮನುಷ್ಯ ಒಬ್ಬನೇ ಇದ್ದುಕೊಂಡು ಅಷ್ಟೊಂದು ಉರಿಸಿದನೇ?

*

ಮೂರು ವರ್ಷದ ಹಿಂದೆ ಶಾಲೆಯ ಮೇಲೆ, ಅಂಗಡಿಗಳ ಮೇಲೆ ಸೋಲಾರ್ ಹಲಗೆಗಳು ಏರಿದವು. ಇನ್ನು ಬಿಸಿಲು ಕೊಟ್ಟಷ್ಟರಲ್ಲೇ ಊರು ಬದುಕಬೇಕು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಪುರಸಭೆಯ ಮುಂದೆ ಕರಿಹಲಗೆ ಬಂತು. ತಿಂಗಳಿಗೊಮ್ಮೆ ಪ್ರತಿ ಬೀದಿಯ ಮನೆಗಳ ಬಳಕೆ ಅದರಲ್ಲಿ. ಹೆಚ್ಚು ಉರಿಸಿದ ಮನೆ ಮೊದಲ ಸಾಲಿನಲ್ಲಿ. ಮೀಟರ್ ಓದುತ್ತಿದ್ದ ಅಪ್ಪನ ಕೈಗೇ ಸೀಮೆಸುಣ್ಣ ಕೊಟ್ಟರು.

ಅಮ್ಮ ಹಗಲೂ ರಾತ್ರಿ ಆಕ್ಸಿಜನ್ ಮೆಷಿನ್ನಿನ ಕೊಳವೆ ಮೂಗಿಗಿಟ್ಟುಕೊಂಡೇ ಇರುತ್ತಿದ್ದಳು. ಮೊದಲ ತಿಂಗಳು ಅವರ ಮನೆಯೇ ಮೇಲೆ, 241 ಯೂನಿಟ್.

"ನಮ್ಮನೇದು ಬಿಟ್ಬಿಡು ಅಪ್ಪ. ಅಮ್ಮನ ಮೆಷಿನ್ನು ತಾನೇ."

"ಬರೆಯೋನೇ ಸುಳ್ಳು ಬರೆದ್ರೆ ಇನ್ಯಾರು ನಂಬ್ತಾರೆ?"

ಮನೆಯಲ್ಲೇನು ಕಾರ್ಖಾನೆ ಇಟ್ಟಿದ್ದೀರಾ ಎಂದು ಬೀದಿಯವರು ಅಪ್ಪನನ್ನು ಛೇಡಿಸಿದ್ದು ಕಿಟಕಿಯ ಪಕ್ಕದ ಅಮ್ಮನಿಗೆ ಕೇಳಿಸಿತು. ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಮೆಷಿನ್ ಆರಿಸತೊಡಗಿದಳು. ಮೂರನೇ ತಿಂಗಳು ಮನೆ ಏಳನೇ ಸಾಲಿಗಿಳಿಯಿತು. ಅಪ್ಪ ಕಾರಣ ಕೇಳಲಿಲ್ಲ, ಹಿಗ್ಗಿದ. ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಮೆಷಿನ್ನಿನ ಸದ್ದಿರಲಿಲ್ಲ. ಅಮ್ಮನ ಉಸಿರೂ ಇರಲಿಲ್ಲ.

*

ಚೀಲ ಮೀಟರಿನ ಕೆಳಗಿನ ಮೊಳೆಯಲ್ಲಿತ್ತು. ಮಗಳು ಪುಸ್ತಕ ತೆರೆದಳು. ಅಪ್ಪನ ಗುಂಡು ಅಕ್ಷರ. ನಮ್ಮ ಮನೆ, 9. ಹೋದ ತಿಂಗಳು 8. ಹಿಂದೆ ತಿರುವುತ್ತ ಹೋದರೂ ಎಲ್ಲೂ ಹನ್ನೆರಡು ದಾಟಿರಲಿಲ್ಲ. ಎದುರುಮನೆ, 238.

ತಲೆಯೆತ್ತಿದರೆ ಎದುರುಮನೆಯಾಕೆಯೇ ನಿಂತಿದ್ದಳು.

"ನಿಮ್ಮಮ್ಮನ ಮೆಷಿನ್ನೇ ಅದು. ಉಸಿರಾಡೋಕೆ ಕಷ್ಟ ಅಂತ ಮಾವ ನಮ್ಮತ್ತೆಗೆ ಕೊಟ್ರು," ಎಂದು ಬಾಗಿಲಲ್ಲಿದ್ದ ಗುಮಾಸ್ತರಿಗೆ ಕೇಳಿಸದಂತೆ ಪಿಸುಗುಟ್ಟಿದಳು. ಅವತ್ತಿನಿಂದ ಮಾವ ಬೋರ್ಡಿನಲ್ಲಿ ಎರಡು ಮನೆಗಳ ಅಂಕಿ ಅದಲು ಬದಲು ಮಾಡುತ್ತಿದ್ದರಂತೆ. ಮಗಳಿಗೆ ಹೇಳಿ ಎಂದರೆ, ಯಾವ ಮುಖ ಇಟ್ಟುಕೊಂಡು ಹೇಳಲಿ ಎನ್ನುತ್ತಿದ್ದರಂತೆ.

"ಅತ್ತೆ ಪ್ರತಿ ತಿಂಗಳು ಕೇಳ್ತಾರೆ, ನಮ್ಮನೆ ಎಷ್ಟನೇದು ಅಂತ. ಮೊದಲ್ನೇದು ಅಂತ ಗೊತ್ತಾದ್ರೆ ಅವರೂ ಆರಿಸಿಬಿಡ್ತಾರೆ ಅಕ್ಕ."

ಗುಮಾಸ್ತರು ಕೈಚಾಚಿದರು. ಮಗಳು ಪುಸ್ತಕ ಕೊಡಲಿಲ್ಲ. ಈ ತಿಂಗಳದ್ದು ತಾನೇ ಬರೆಯುತ್ತೇನೆ, ಇನ್ನು ಈ ಮನೆಯಲ್ಲೇ ಇದ್ದು ಮುಂದೆಯೂ ಒಂದನೇ ತಾರೀಕಿಗೆ ಬರುತ್ತೇನೆ ಎಂದಳು. ಮನೆಯ ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ ಅವರ ಜೊತೆ ನಡೆದಳು.

ಕರಿಹಲಗೆಯ ಮೇಲೆ ಅಪ್ಪನ ಹೋದ ತಿಂಗಳ ಅಕ್ಷರಗಳಿದ್ದವು. ಅವನ್ನು ಒರೆಸಿದಳು. ಮೊದಲ ಸಾಲಿನಲ್ಲಿ ಅಪ್ಪನ ಮನೆ ಎಂದು ಬರೆದು ಎದುರಿಗೆ 238 ಎಂದು ಹಾಕಿದಳು.

ಮರಳಿ ಬಂದಾಗ ಸಂಜೆ ಬಿಸಿಲು ಬೀದಿಯಲ್ಲಿನ್ನೂ ಇತ್ತು. ಎದುರುಮನೆಯ ಕಿಟಕಿಯೊಳಗಿಂದ ಮುದುಕಿಯ ಸಣ್ಣ ದನಿ ಕೇಳಿತು.

"ಎಷ್ಟನೇದಂತೆ?"

"ಕೊನೇದು, ಅತ್ತೆ."

"ಹಾಗಾದ್ರೆ ಇರ್ಲಿ ಬಿಡು."

ಮಗಳು ಕಿಟಕಿಯ ಕೆಳಗೆ ಗೋಡೆಗೊರಗಿ ನಿಂತಳು. ಒಳಗೆ ಅಮ್ಮನ ಮೆಷಿನ್ ಗುಂಯ್‌ಗುಡುತ್ತಲೇ ಇತ್ತು.